ಮುಖದ ಅಚ್ಚು ಮನೆಯಲ್ಲೇ ತೆಗೆಯಿರಿ, ಆದರೆ ಒಬ್ಬರೇ ತೆಗೆಯಬೇಡಿ

ಸ್ಪೆಷಲ್ ಎಫೆಕ್ಟ್ಸ್ ಮೇಕಪ್ ಕಲಿಯುವವರು ಒಂದಲ್ಲ ಒಂದು ದಿನ ತಲೆಯ ಅಚ್ಚಿಗೆ ಬಂದೇ ಬರುತ್ತಾರೆ. ಅಂದರೆ ಮುಖಕ್ಕೋ ತಲೆಗೋ ಕಲಸಿದ ಮೆತ್ತನೆಯ ಪದಾರ್ಥ ಹಚ್ಚಿ, ಬಿಗಿದ ಮೇಲೆ ಕಳಚಿ, ಅದರೊಳಗೆ ಪ್ಲಾಸ್ಟರ್ ಎರೆದು ಅದೇ ಮುಖದ ಪ್ರತಿರೂಪ ತೆಗೆಯುವುದು. ಸುಳ್ಳು ಮೂಗು, ಮುದುಕನ ಕೆನ್ನೆ, ರಾಕ್ಷಸನ ಹಣೆ ಯಾವುದೇ ಇರಲಿ, ಅದನ್ನು ಹಾಕಿಕೊಳ್ಳುವವರ ಮುಖದ ಅಚ್ಚಿನ ಮೇಲೇ ರೂಪಿಸಿದ್ದರೆ ಅಂಚು ಚರ್ಮದೊಳಗೆ ಸೇರಿಹೋಗುತ್ತದೆ. ರೆಡಿಮೇಡ್ ಬೊಂಬೆ ತಲೆಯ ಮೇಲೆ ಮಾಡಿದ್ದು ಬಾಯಿಯ ಮೂಲೆಯಲ್ಲೋ ಮೂಗಿನ ಬದಿಯಲ್ಲೋ ಎದ್ದುಕೊಳ್ಳುತ್ತದೆ. ಹಾಗಾಗಿ ಮನೆಯಲ್ಲೇ ಅಚ್ಚು ತೆಗೆಯುವ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮಾಡಿ ಅಂತಲೇ ಹೇಳುತ್ತೇನೆ. ನನ್ನ ತಕರಾರು ಇಷ್ಟೇ: ಎಲ್ಲರೂ ಅಚ್ಚಿನ ಬಗ್ಗೆ ಮಾತಾಡುತ್ತಾರೆ, ಅದರೊಳಗೆ ಕೂತವರ ಬಗ್ಗೆ ಮಾತೇ ಇಲ್ಲ.

ಒಳಗೆ ಕೂತವರ ಸ್ಥಿತಿ ಸ್ವಲ್ಪ ಯೋಚಿಸಿ. ಕಣ್ಣು ಮುಚ್ಚಿದೆ. ಬಾಯಿ ತೆರೆಯುವ ಹಾಗಿಲ್ಲ. ಕಿವಿಯೂ ಮುಚ್ಚಿದ್ದರೆ ಹೊರಗಿನ ಮಾತು ಎಲ್ಲೋ ದೂರದಿಂದ ಬಂದಂತೆ ಕೇಳುತ್ತದೆ. ಕೆನ್ನೆಯ ಮೇಲೆ ಭಾರ. ಉಸಿರಿಗೆ ಇರುವುದು ಎರಡು ಹೊಳ್ಳೆ ಮಾತ್ರ. ಧೈರ್ಯವಂತರೂ ಇಲ್ಲಿ ಗಾಬರಿಯಾಗಬಹುದು, ಅದು ಮೊದಲೇ ಗೊತ್ತಾಗುವುದಿಲ್ಲ.

ಅದಕ್ಕೇ ಈ ಕೆಲಸಕ್ಕೆ ಕೂತವರನ್ನು ಬಿಟ್ಟು ಕನಿಷ್ಠ ಇಬ್ಬರು ಬೇಕು, ಮೂವರಿದ್ದರೆ ಇನ್ನೂ ಒಳ್ಳೆಯದು. ಒಬ್ಬರು ಕಲಸಿ ಹಚ್ಚಲಿ. ಇನ್ನೊಬ್ಬರಿಗೆ ಒಂದೇ ಕೆಲಸ, ಹೊಳ್ಳೆ ನೋಡುತ್ತಾ ಇರುವುದು. ಅವರು ಫೋಟೋ ತೆಗೆಯಬಾರದು, ಬಕೆಟ್ ತರಲು ಏಳಬಾರದು. ಆಗಾಗ ಕೈ ಹಿಡಿದು "ಸರಿ ಇದೀರಾ?" ಅಂತ ಕೇಳಬೇಕು. ಹೆಬ್ಬೆರಳು ಮೇಲೆತ್ತಿದರೆ ಸರಿ. ಕೈ ಬೀಸಿದರೆ ತಕ್ಷಣ ತೆಗೆಯುವುದು. ಉತ್ತರವೇ ಬರದಿದ್ದರೂ ತೆಗೆಯುವುದು. "ಇನ್ನೆರಡು ನಿಮಿಷ ತಡ್ಕೊಳ್ಳಿ" ಅನ್ನುವ ಮಾತು ಅಲ್ಲಿ ಬರಲೇಬಾರದು. ಶೀತವಾಗಿ ಮೂಗು ಕಟ್ಟಿದ್ದರೆ ಆ ದಿನ ಕೆಲಸವೇ ಬೇಡ.

ಮೂಗಿಗೆ ಸ್ಟ್ರಾ ತೂರಿಸುವುದನ್ನು ಈಗಲೂ ಕೆಲವರು ಉಪಾಯ ಅಂದುಕೊಂಡಿದ್ದಾರೆ. ದಯವಿಟ್ಟು ಬೇಡ. ಹೊಳ್ಳೆಯ ಆಕಾರ ಕೆಡುತ್ತದೆ, ಕೈ ತಗುಲಿದರೆ ಒಳಗೆ ಗಾಯವಾಗುತ್ತದೆ. ಹೊಳ್ಳೆಯ ಸುತ್ತ ಕೊನೆಗೆ, ಬೆರಳ ತುದಿಯಿಂದ ಸ್ವಲ್ಪ ಸ್ವಲ್ಪವೇ ಹಚ್ಚಿದರೆ ಸಾಕು. ಒಳಗೆ ಜಾರಿದರೆ ಮೂಗಿಂದ ಜೋರಾಗಿ ಒಮ್ಮೆ ಉಸಿರು ಬಿಡಲು ಮೊದಲೇ ಹೇಳಿಕೊಟ್ಟಿರಿ.

ಇನ್ನು ಪ್ಲಾಸ್ಟರ್. ಕಲಸಿದ ಪ್ಲಾಸ್ಟರ್ ಆಫ್ ಪ್ಯಾರಿಸನ್ನು ಚರ್ಮದ ಮೇಲೆ ದಪ್ಪಗೆ ಹಾಕಲೇಬಾರದು. ನೀರು ಸೇರಿ ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ, ದಪ್ಪ ಇದ್ದಷ್ಟೂ ಬಿಸಿ ಜಾಸ್ತಿ. 60 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗಬಹುದು. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರಲ್ಲಿ 16 ವರ್ಷದ ಹುಡುಗಿ ಕೈಯ ಅಚ್ಚು ತೆಗೆಯಲು ಬಕೆಟ್ಟಿನ ಪ್ಲಾಸ್ಟರಿಗೆ ಕೈ ಇಳಿಸಿದಳು. ಅದು ಗಟ್ಟಿಯಾಯಿತು, ಕೈ ಹೊರಗೆ ಬರಲಿಲ್ಲ. ಸುಟ್ಟ ಗಾಯದಿಂದ ಹೆಚ್ಚಿನ ಬೆರಳುಗಳನ್ನೇ ಕಳೆದುಕೊಂಡಳು. ಇದನ್ನು ಓದಿದ ಮೇಲೂ ಮುಖಕ್ಕೆ ಪ್ಲಾಸ್ಟರ್ ಸುರಿಯುವ ವಿಡಿಯೋ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಚರ್ಮಕ್ಕೆ ತಾಗಬೇಕಾದದ್ದು ಆಲ್ಜಿನೇಟ್. ಕಡಲ ಪಾಚಿಯಿಂದ ಬರುವ ಪುಡಿ. ಹಲ್ಲಿನ ಡಾಕ್ಟರು ಅಚ್ಚು ತೆಗೆಯುವುದೂ ಇದರಲ್ಲೇ, ಆದರೆ ಅವರದ್ದು ಬೇಗ ಬಿಗಿಯುತ್ತದೆ. ಮುಖಕ್ಕೆ ನಿಧಾನಕ್ಕೆ ಬಿಗಿಯುವ ಬಗೆಯೇ ಬೇಕು. ತಣ್ಣೀರಲ್ಲಿ ಕಲಸಿದರೆ ಸಮಯ ಜಾಸ್ತಿ ಸಿಗುತ್ತದೆ, ಬೆಚ್ಚಗಿನ ನೀರಾದರೆ ಕಡಿಮೆ. ಹುಬ್ಬು, ರೆಪ್ಪೆಗೂದಲಿಗೆ ವ್ಯಾಸಲೀನ್, ತಲೆಗೂದಲಿಗೆ ಬಾಲ್ಡ್ ಕ್ಯಾಪ್, ಅಂದರೆ ಕೂದಲು ಮುಚ್ಚುವ ತೆಳು ಟೋಪಿ. ಮೇಲೆ ಪ್ಲಾಸ್ಟರ್ ಬ್ಯಾಂಡೇಜಿನ ತೆಳು ಪದರಗಳ ಚಿಪ್ಪು, ಇಲ್ಲದಿದ್ದರೆ ಮೆತ್ತನೆಯ ಆಲ್ಜಿನೇಟ್ ಆಕಾರ ಉಳಿಸಿಕೊಳ್ಳುವುದಿಲ್ಲ. ಆಲ್ಜಿನೇಟಿನಲ್ಲಿ ಹೆಚ್ಚಿನ ಪಾಲು ನೀರೇ, ಒಣಗಿದಂತೆ ಕುಗ್ಗುತ್ತದೆ. ಹಾಗಾಗಿ ತೆಗೆದ ಕೂಡಲೇ ಒಳಗೆ ಪ್ಲಾಸ್ಟರ್ ಎರೆಯಬೇಕು, ನಾಳೆಗೆ ಇಡುವ ಹಾಗಿಲ್ಲ. ಸಿಲಿಕೋನ್ ಬಳಸುವುದಾದರೆ ಚರ್ಮಕ್ಕೆ ಹಾಕಬಹುದು ಅಂತ ಡಬ್ಬಿಯ ಮೇಲೆ ಬರೆದಿರುವುದನ್ನೇ ತನ್ನಿ. ಬೇರೆ ಅಚ್ಚಿನ ಸಿಲಿಕೋನ್ ಮುಖದ ಹತ್ತಿರಕ್ಕೂ ಬೇಡ.

ಕೂತವರನ್ನು ಮಲಗಿಸಬೇಡಿ. ಮಲಗಿದರೆ ಕೆನ್ನೆ ಹಿಂದಕ್ಕೆ ಜಾರುತ್ತದೆ, ಎದ್ದು ನಿಂತಾಗ ಆ ಅಳತೆ ಹೊಂದುವುದಿಲ್ಲ.

ನಿಜವಾಗಿ ಪೂರ್ತಿ ತಲೆ ಬೇಕಾ ಅಂತಲೂ ಕೇಳಿಕೊಳ್ಳಿ. ಹಾಲಿವುಡ್ಡಿನ ಹೆಸರಾಂತ ಮೇಕಪ್ ಕಲಾವಿದ ಡಿಕ್ ಸ್ಮಿತ್ ಇಡೀ ಮುಖಕ್ಕೆ ಒಂದೇ ಮುಖವಾಡ ಹಾಕುವ ಬದಲು, ಒಂದರ ಮೇಲೊಂದು ಕೂರುವ ಹಲವು ತುಂಡುಗಳಲ್ಲಿ ಮೇಕಪ್ ಮಾಡಿ ತೋರಿಸಿದರು. ತುಂಡು ತುಂಡಾಗಿ ಮಾಡುವುದು ಕೀಳೇನಲ್ಲ. ಹೊಸಬರ ಮೂಗು, ಹಣೆ, ಗದ್ದದ ಕೆಲಸಕ್ಕೆ ಮುಖದ ಅಚ್ಚು ಸಾಕು. ಕಿವಿ, ಹಿಂದಲೆ ಬಿಟ್ಟರೆ ಕೂತವರಿಗೆ ಮಾತು ಕೇಳಿಸುತ್ತದೆ, ಅಚ್ಚು ಬೇಗ ಕಳಚುತ್ತದೆ. ಇಕ್ಕಟ್ಟು ಅಂದರೆ ಹೆದರುವವರಿಗೆ ಫೋನಿನಲ್ಲಿ ತ್ರೀಡಿ ಸ್ಕ್ಯಾನ್ ಮಾಡಿ ಪ್ರಿಂಟ್ ಹಾಕಿಸಬಹುದು. ಚರ್ಮದ ಸಣ್ಣ ರಂಧ್ರಗಳು ಅದರಲ್ಲಿ ಬರುವುದಿಲ್ಲ, ಆದರೆ ಅಳತೆ ಸಿಗುತ್ತದೆ.

ಚಿಕ್ಕ ಮಕ್ಕಳ ಮೇಲೆ ಮಾತ್ರ ಇದನ್ನು ಮಾಡಲೇಬೇಡಿ, ಅವರು ಎಷ್ಟೇ ಆಸೆಪಟ್ಟರೂ. ಜೊತೆಗೆ ಯಾರೂ ಸಿಗದಿದ್ದರೆ ಆಲ್ಜಿನೇಟಿನಲ್ಲಿ ನಿಮ್ಮ ಕೈಯದೇ ಅಚ್ಚು ತೆಗೆಯಿರಿ. ಹದ, ಸಮಯ, ಗುಳ್ಳೆ ಬಾರದಂತೆ ಎರೆಯುವುದು ಎಲ್ಲವೂ ಅದರಲ್ಲೇ ಕಲಿಯಬಹುದು. ಮುಖ ಜೊತೆಗಾರರು ಸಿಗುವ ತನಕ ಕಾಯಲಿ.