ಅಲ್ಯೂಮಿನಿಯಂ ಪಟ್ಟಿಯನ್ನು ಕೆಂಪಾಗುವ ತನಕ ಕಾಯಿಸಬೇಡಿ

ಮಳೆಗೆ ಮುಂಚೆ ಸೂರಿನ ಅಂಚಿನಲ್ಲಿ ಮಳೆನೀರು ಹರಿಯುವ ದಂಬೆಗೆ ಪಟ್ಟಿ ಕೂರಿಸುವ ಕೆಲಸ ಉಡುಪಿ ಕಡೆ ಇದ್ದದ್ದೇ. ಈಗ ‘ಅಲ್ಯೂಮಿನಿಯಂ ಪಟ್ಟಿಯನ್ನು ಗ್ಯಾಸ್ ಒಲೆಯಲ್ಲಿ ಕೆಂಪಾಗುವ ತನಕ ಕಾಯಿಸಿ ಬಗ್ಗಿಸಿ’ ಎನ್ನುವ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಕಬ್ಬಿಣದ ಹಾಗೆ ಅಲ್ಯೂಮಿನಿಯಂ ಕೆಂಪಾಗಿ ಸೂಚನೆ ಕೊಡುವುದಿಲ್ಲ. ಸುಮಾರು 660 ಡಿಗ್ರಿ ಸೆಲ್ಸಿಯಸ್‌ಗೆ ಬೆಳ್ಳಗಿದ್ದಂತೆಯೇ ಕರಗಿ ಬೀಳುತ್ತದೆ. ಕಾಲ ಮೇಲೆ ಬಿದ್ದರೆ ಗತಿಯೇನು?

ತೆಳು ಪಟ್ಟಿಗೆ ಬೆಂಕಿಯೇ ಬೇಡ. ದಪ್ಪದ್ದಾದರೆ ಬಟ್ಟೆ ಸೋಪು ಉಜ್ಜಿ, ಮನೆಯ ಹೊರಗೆ ಬ್ಲೋ ಟಾರ್ಚ್ ಹಿಡಿಯಿರಿ. ಸೋಪು ಕಪ್ಪಾಗುವುದೇ ಸಾಕಷ್ಟು ಕಾದ ಗುರುತು, ಕೂಡಲೇ ನಿಲ್ಲಿಸಿ. ಆರಿದ ಮೇಲೆ ದುಂಡು ಪೈಪಿಗೆ ಒತ್ತಿ ನಿಧಾನಕ್ಕೆ ಬಗ್ಗಿಸಿ. ಚೂಪು ಮೂಲೆ ಮಾಡಿದರೆ ಬಿರುಕು ಬಿಡುತ್ತದೆ.

ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿಯನ್ನಂತೂ ಕಾಯಿಸಲೇಬೇಡಿ. ಸತುವಿನ ಹೊಗೆ ಕುಡಿದರೆ ಜ್ವರ, ನಡುಕ ಬರುತ್ತದೆ. ಸತು ಹೋದ ಜಾಗಕ್ಕೆ ನಮ್ಮ ಕಡಲಗಾಳಿಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ.