ಸತ್ತ ತೆರಿಗೆಯ ಪಿಂಡ, ಬಾರದ ಕಾಗೆ

ನಮ್ಮಲ್ಲಿ ಅಪ್ಪ ತೀರಿಕೊಂಡರೆ ಆಸ್ತಿಯ ಬೆನ್ನಿಗೆ ಸಾಲವೂ ಮಗನ ಹೆಗಲೇರುತ್ತದೆ. "ಅಪ್ಪನಿಗೆ ಬರಬೇಕಾದದ್ದನ್ನು ನನಗೆ ಕೊಡಿ, ಅಪ್ಪ ಕೊಡಬೇಕಾದದ್ದನ್ನು ಅಪ್ಪನನ್ನೇ ಕೇಳಿ" ಎನ್ನುವ ಮಗನನ್ನು ಊರವರು ಸುಮ್ಮನೆ ಬಿಡುವುದಿಲ್ಲ. 2017ರ ಜೂನ್ 30ರ ನಡುರಾತ್ರಿ ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ ಹುಟ್ಟಿದ ಜಿಎಸ್‌ಟಿ ಎಂಬ ಮಗ ಮಾತ್ರ ಹೆಚ್ಚುಕಡಿಮೆ ಹೀಗೇ ನಡೆದುಕೊಂಡು ದಕ್ಕಿಸಿಕೊಂಡ.

ಅವನು ಹುಟ್ಟಿದ ಘಳಿಗೆಯಲ್ಲೇ ಸೇವಾ ತೆರಿಗೆ, ಪ್ರವೇಶ ತೆರಿಗೆ, ಕೇಂದ್ರ ಅಬಕಾರಿ ಸುಂಕ, ವ್ಯಾಟ್ ಎಂಬ ಹಿರಿಯರು ಸಾಲಾಗಿ ಕಣ್ಣು ಮುಚ್ಚಿದರು. (ಕೊನೆಯ ಇಬ್ಬರು ಪೆಟ್ರೋಲಿನ ವಾಸನೆ ಹಿಡಿದು ಇಂದಿಗೂ ಉಸಿರಾಡುತ್ತಿದ್ದಾರೆ. ಕೆಲವು ಜೀವಗಳು ಗಟ್ಟಿ.) ವ್ಯಾಪಾರಿಗಳು ಮೊದಲೇ ಕಟ್ಟಿದ್ದ ತೆರಿಗೆಯ ಜಮೆ ಈ ಹಿರಿಯರ ಖಾತೆಯಲ್ಲಿತ್ತು. ಹಿರಿಯರಿಗೆ ಬರಬೇಕಾದ ಬಾಕಿಯೂ ಇತ್ತು. ಬಾಕಿಯನ್ನು ಹೊಸ ಕಾಯ್ದೆಯದೇ ಬಾಕಿ ಎಂಬಂತೆ ವಸೂಲು ಮಾಡಬಹುದೆಂದು 142ನೇ ಕಲಮಿನಲ್ಲಿ ಬರೆದುಕೊಂಡರು. ಜಮೆಯನ್ನು ದಾಟಿಸಿಕೊಳ್ಳಲು ಮಾತ್ರ ಟ್ರಾನ್-1 ಎಂಬ ಅರ್ಜಿ, ಅದಕ್ಕೆ 90 ದಿನಗಳ ಗಡುವು.

ಗಡುವು ಡಿಸೆಂಬರ್ 27ರವರೆಗೆ ಬೆಳೆಯಿತು. ಪೋರ್ಟಲ್ ಮಾತ್ರ ಮುನಿಸಿಕೊಂಡ ಅಳಿಯನಂತೆ ಬಾಗಿಲು ಹಾಕಿಕೊಂಡು ಒಳಗೇ ಕುಳಿತಿತ್ತು. ಆಮೇಲೆ ಸರ್ಕಾರಕ್ಕೆ ಕನಿಕರ ಹುಟ್ಟಿತು: ತಾಂತ್ರಿಕ ತೊಂದರೆಯಿಂದ ಅರ್ಜಿ ಸಲ್ಲಿಸಲಾಗದವರಿಗೆ ಇನ್ನೊಂದು ಅವಕಾಶ. ತೊಂದರೆ ಆಗಿತ್ತೆಂಬುದಕ್ಕೆ ಸಾಕ್ಷಿ? ಪೋರ್ಟಲ್ಲಿನ ಲಾಗ್. ಅಂದರೆ, ಒಳಗೆ ಹೋಗಲಾಗದವನು ಒಳಗೆ ಹೋಗಲು ಯತ್ನಿಸಿದ್ದನ್ನು ಒಳಗಿರುವ ಪುಸ್ತಕವೇ ಹೇಳಬೇಕು. "ನೀವು ಬಂದೇ ಇಲ್ಲ, ನಮ್ಮ ನಡುಮನೆಯಲ್ಲಿ ನಿಮ್ಮ ಹೆಜ್ಜೆ ಗುರುತಿಲ್ಲ." ಸ್ವಾಮಿ, ನಾನು ಜಗಲಿಯಲ್ಲೇ ನಿಂತಿದ್ದೆ! "ಜಗಲಿಯ ಸ್ಕ್ರೀನ್‌ಶಾಟ್ ಇದೆಯೇ?" ಬುದ್ಧಿವಂತರು ತೆಗೆದಿಟ್ಟಿದ್ದರು. ಉಳಿದವರು ಆ ಹೊತ್ತಿನಲ್ಲಿ ಹಣೆ ಚಚ್ಚಿಕೊಳ್ಳುತ್ತಿದ್ದರು. ಅದನ್ನು ದಾಖಲೆಯೆಂದು ಯಾರೂ ಒಪ್ಪುವುದಿಲ್ಲ.

ಹೊಸ ತೆರಿಗೆಯದೇ ಮರುಪಾವತಿಯ ಕಥೆಯೂ ಇದಕ್ಕಿಂತ ಘನವಾಗಿರಲಿಲ್ಲ. ಕಾಗದರಹಿತ ವ್ಯವಸ್ಥೆಯಲ್ಲಿ, ಕಟ್ಟಿದ ತೆರಿಗೆಯನ್ನು ಮರಳಿ ಪಡೆಯಬೇಕಾದ ರಫ್ತುದಾರರು ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಿ, ಮುದ್ರಿಸಿ, ಕಡತ ಕಟ್ಟಿ, ಕಂಕುಳಲ್ಲಿಟ್ಟುಕೊಂಡು ಕಚೇರಿಗೆ ಒಯ್ದರು. 2019ರ ಸೆಪ್ಟೆಂಬರ್‌ವರೆಗೆ ಇದೇ ಡಿಜಿಟಲ್ ಕ್ರಾಂತಿ. ಕೇಂದ್ರದ ಪಾಲು ಒಂದು ಕಚೇರಿಯಿಂದ, ರಾಜ್ಯದ ಪಾಲು ಇನ್ನೊಂದರಿಂದ. ಅರ್ಜಿಗಳು ಗುಡ್ಡವಾದಾಗ 2018ರ ಮಾರ್ಚ್‌ನಲ್ಲಿ "ಮರುಪಾವತಿ ಪಾಕ್ಷಿಕ" ಆಚರಿಸಿದರು. ಸಾಲದೆಂದು ಮೇ ಕೊನೆಯಲ್ಲಿ ಇನ್ನೊಂದು. ಹದಿನೈದು ದಿನಗಳ ಪಕ್ಷ! ಪಿತೃಪಕ್ಷದ ನೆನಪಾಗದೆ ಇರುತ್ತದೆಯೇ? ಕೈಯಲ್ಲಿ ಪಿಂಡ, ಕಣ್ಣು ಆಕಾಶದಲ್ಲಿ, ಕಾಗೆ ಮಾತ್ರ ಪಕ್ಕದ ಕಚೇರಿಯ ಸೂರಿನ ಮೇಲೆ.

ಬಡ್ಡಿಯ ಲೆಕ್ಕ ಕೇಳಿ. ನೀವು ತೆರಿಗೆ ಕಟ್ಟುವುದು ತಡವಾದರೆ ವರ್ಷಕ್ಕೆ ಶೇ 18. ಅವರು ಮರಳಿಸುವುದು ತಡವಾದರೆ, ಅದೂ 60 ದಿನ ದಾಟಿದ ಮೇಲೆ, ಸಾಮಾನ್ಯವಾಗಿ ಶೇ 6. ಒಂದೇ ರೂಪಾಯಿ, ಹೋಗುವಾಗ ಒಂದು ತೂಕ, ಬರುವಾಗ ಇನ್ನೊಂದು. ಸಂತೆಯಲ್ಲಿ ಇಂಥ ತಕ್ಕಡಿ ಇಟ್ಟುಕೊಂಡವನನ್ನು ತೂಕ ಮತ್ತು ಅಳತೆ ಇಲಾಖೆ ಬಿಡುತ್ತಿತ್ತೇ?

ಕರ್ನಾಟಕದಲ್ಲಿ ಹಳೆಯ ಬಾಕಿದಾರರು ತೆರಿಗೆ ಕಟ್ಟಿದರೆ ಬಡ್ಡಿ, ದಂಡ ಮನ್ನಾ ಮಾಡುವ ಕರಸಮಾಧಾನ ಯೋಜನೆ ಬಂತು. ಕಟ್ಟದೆ ಉಳಿಸಿಕೊಂಡವರಿಗೆ ಕರಸಮಾಧಾನ, ಮೊದಲೇ ಹೆಚ್ಚಾಗಿ ಕಟ್ಟಿ ಮರಳಿ ಕೇಳಿದವರಿಗೆ ಬರೀ ಸಮಾಧಾನ.

ಟ್ರಾನ್-1 ಹೈಕೋರ್ಟುಗಳನ್ನು ಸುತ್ತಿ 2022ರ ಜುಲೈನಲ್ಲಿ ಸುಪ್ರೀಂ ಕೋರ್ಟಿನಿಂದ ವರ ಪಡೆಯಿತು: ಎರಡು ತಿಂಗಳು ಪೋರ್ಟಲ್ ತೆರೆಯಿರಿ. ಸೆಪ್ಟೆಂಬರ್‌ಗೆ ತೆರೆಯಬೇಕಾದ ಬಾಗಿಲು, ಅದಕ್ಕೂ ಒಂದು ತಿಂಗಳ ಸಮಯ ಕೇಳಿಕೊಂಡು, ಅಕ್ಟೋಬರ್ 1ಕ್ಕೆ ತೆರೆಯಿತು. ಐದು ವರ್ಷ ಕಾದವರಿಗೆ ಒಂದೇ ಸಲ ಅರ್ಜಿ, ಸಲ್ಲಿಸಿದ ಮೇಲೆ ತಿದ್ದುವಂತಿಲ್ಲ. ಸಲ್ಲಿಸಿದ ಏಳು ದಿನಗಳೊಳಗೆ ಅದರ ಪ್ರತಿಯನ್ನು ಮುದ್ರಿಸಿ, ಸಹಿ ಹಾಕಿ, ಅಧಿಕಾರಿಗೆ ತಲುಪಿಸಬೇಕು. ಪರಿಶೀಲನೆಗೆ ಇಲಾಖೆಗೆ ಮತ್ತೆ 90 ದಿನ.

ಬಿಲ್ಲುಗಳ ಕಟ್ಟು ಬಿಚ್ಚಿದ ವ್ಯಾಪಾರಿಗೆ ಆಗ ಕಂಡದ್ದು ಬಿಳಿ ಹಾಳೆ. 2017ರ ಥರ್ಮಲ್ ಕಾಗದ; ಅಕ್ಷರಗಳು ಗಡುವಿಗೆ ಕಾಯದೆ ಹೋಗಿಬಿಟ್ಟಿದ್ದವು.