ಕೂದಲಿಗೆ ಹೊಸ ಮದ್ದು ಬರುವವರೆಗೆ ಕಾಯಬೇಕಾ? ಪರ-ವಿರೋಧ

ಮುಂಬಯಿ ಹತ್ತಿರದ ಡೊಂಬಿವಲಿಯ ಅಕ್ಕನ ಮನೆಯಲ್ಲಿ ಈ ವಾದ ಆಗಾಗ ನಡೆಯುತ್ತದೆ. ಅವಳ ಮಗನಿಗೆ ಇನ್ನೂ ಇಪ್ಪತ್ತೈದು ತುಂಬಿಲ್ಲ. ಹಣೆಯ ಎರಡೂ ಮೂಲೆಯಲ್ಲಿ ಕೂದಲು ಹಿಂದೆ ಸರಿದಿದೆ, ನೆತ್ತಿಯೂ ತೆಳ್ಳಗಾಗಿದೆ. "ಮಾಮ, ಇನ್ನೆರಡು ಮೂರು ವರ್ಷದಲ್ಲಿ ಒಳ್ಳೆ ಮದ್ದು ಬರ್ತದೆ, ಅಲ್ಲಿವರೆಗೆ ಸುಮ್ನೆ ಇರ್ತೇನೆ" ಅಂತಾನೆ. ಎರಡೂ ಕಡೆಯ ಮಾತನ್ನು ನಾನೇ ಬರೆಯುತ್ತಿದ್ದೇನೆ, ನನಗೆ ನಂಬಿಕೆ ಇರುವಷ್ಟನ್ನು ಮಾತ್ರ.

ಪರ: ಈ ಸಲ ಆಸೆ ಇಟ್ಟುಕೊಳ್ಳಲು ಕಾರಣ ಇದೆ

ಇಷ್ಟು ದಿನ ನಮ್ಮ ಕೈಯಲ್ಲಿದ್ದ ಎರಡು ಮುಖ್ಯ ಮದ್ದುಗಳೂ ಬೇರೆ ಕಾಯಿಲೆಗೆ ಬಂದವು. ಮಿನಾಕ್ಸಿಡಿಲ್ ಬಿಪಿ ಮಾತ್ರೆಯಾಗಿತ್ತು. ಅದನ್ನು ನುಂಗಿದವರ ಮೈಯಲ್ಲೆಲ್ಲಾ ಕೂದಲು ಬೆಳೆದದ್ದು ನೋಡಿ, ತಲೆಗೆ ಹಚ್ಚುವ ದ್ರವ ಮಾಡಿದರು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಫಿನಾಸ್ಟರೈಡ್ ಪ್ರಾಸ್ಟೇಟ್ ಗ್ರಂಥಿಯ ಮದ್ದು, 1997ರಲ್ಲಿ ಕೂದಲಿಗೂ ಒಪ್ಪಿಗೆ ಪಡೆಯಿತು. ಆಮೇಲೆ ಗಂಡಸರ ಮಾಮೂಲಿ ಬೊಕ್ಕತಲೆಗೆ ಅಮೆರಿಕದಲ್ಲಿ ಅಂಥ ಹೊಸ ಮದ್ದು ಬರಲೇ ಇಲ್ಲ. ಒಂದು ತಲೆಮಾರೇ ಆ ಎರಡರಲ್ಲಿ ದಿನ ದೂಡಿತು.

ಈಗ ಬರುತ್ತಿರುವುದು ಹಾಗೆ ಅಕಸ್ಮಾತ್ ಸಿಕ್ಕಿದ್ದಲ್ಲ. ಟೆಸ್ಟೋಸ್ಟೆರಾನ್‌ನಿಂದ ಡಿಎಚ್‌ಟಿ ಎಂಬ ಹಾರ್ಮೋನು ಹುಟ್ಟುತ್ತದೆ, ಅದು ಕೆಲವರ ಕೂದಲಿನ ಬುಡವನ್ನು ವರ್ಷದಿಂದ ವರ್ಷಕ್ಕೆ ಸಣ್ಣ ಮಾಡುತ್ತದೆ. ಫಿನಾಸ್ಟರೈಡ್ ಮೈಯಿಡೀ ಆ ಹಾರ್ಮೋನನ್ನು ತಗ್ಗಿಸುತ್ತದೆ, ಹಾಗಾಗಿ ಕೆಲವರಿಗೆ ಲೈಂಗಿಕ ಆಸಕ್ತಿ ಕುಂದುತ್ತದೆ, ಕೆಲವರಿಗೆ ಮನಸ್ಸು ಕುಗ್ಗುತ್ತದೆ. ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ಆತ್ಮಹತ್ಯೆಯ ಯೋಚನೆಯನ್ನೂ ಅದರ ಅಡ್ಡಪರಿಣಾಮ ಎಂದು ಒಪ್ಪಿಕೊಂಡಿತು. ಇಷ್ಟು ಓದಿದ ಹುಡುಗ ಆ ಮಾತ್ರೆಗೆ ಹೆದರಿದರೆ ತಪ್ಪೇನು? ಕ್ಲಾಸ್ಕೋಟೆರೋನ್ ಎಂಬ ಹೊಸ ದ್ರವವನ್ನು ತಲೆಗೆ ಹಚ್ಚಿದರೆ ಡಿಎಚ್‌ಟಿ ಬಂದು ಕೂರುವ ಜಾಗವನ್ನೇ ಅಲ್ಲಲ್ಲೇ ಮುಚ್ಚುತ್ತದೆ, ರಕ್ತಕ್ಕೆ ಹೋಗುವುದು ಬಹಳ ಕಡಿಮೆ. ಇದೇ ಮದ್ದಿನ ಕ್ರೀಮು ಮೊಡವೆಗೆ 2020ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆದಿದೆ. ಕೂದಲಿಗಾಗಿ 1,400ಕ್ಕೂ ಹೆಚ್ಚು ಗಂಡಸರ ಮೇಲೆ ನಡೆಸಿದ ಮೂರನೇ ಹಂತದ (ಒಪ್ಪಿಗೆ ಕೇಳುವ ಮುಂಚಿನ ದೊಡ್ಡ) ಎರಡು ಪರೀಕ್ಷೆಗಳ ಫಲಿತಾಂಶ 2025ರ ಡಿಸೆಂಬರ್‌ನಲ್ಲಿ ಬಂತು. ಎರಡರಲ್ಲೂ ಅದು ಮದ್ದಿಲ್ಲದ ದ್ರವಕ್ಕಿಂತ ಸ್ಪಷ್ಟವಾಗಿ ಮೇಲುಗೈ ಸಾಧಿಸಿದೆ.

ಇನ್ನೊಂದು ಪಿಪಿ405 ಎಂಬ ಹಚ್ಚುವ ಮದ್ದು. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಶುರುವಾದದ್ದು. ಬುಡದಲ್ಲಿ ಮಲಗಿರುವ ಕಾಂಡಕೋಶಗಳು (ಹೊಸ ಕೂದಲು ಹುಟ್ಟಿಸುವ ಮೂಲ ಕೋಶಗಳು) ಶಕ್ತಿ ಬಳಸುವ ರೀತಿಯನ್ನೇ ಬದಲಿಸಿ ಎಬ್ಬಿಸುತ್ತದೆ, ಹಾರ್ಮೋನಿನ ತಂಟೆಗೇ ಹೋಗುವುದಿಲ್ಲ. ಹಾಗಾಗಿ ಹೆಂಗಸರಿಗೂ ಆದೀತು ಎಂಬ ಆಸೆ ಇದೆ. ಪರೀಕ್ಷೆಯಲ್ಲಿ, ಜಾಸ್ತಿ ಕೂದಲು ಹೋಗಿದ್ದ ಗಂಡಸರಲ್ಲಿ 31 ಶೇಕಡಾ ಮಂದಿಗೆ ಎಂಟು ವಾರದಲ್ಲಿ ಕೂದಲಿನ ದಟ್ಟಣೆ 20 ಶೇಕಡಾಕ್ಕಿಂತ ಹೆಚ್ಚಿತು. ಮದ್ದಿಲ್ಲದ ದ್ರವ ಹಚ್ಚಿದವರಲ್ಲಿ ಒಬ್ಬರಿಗೂ ಅಷ್ಟು ಹೆಚ್ಚಲಿಲ್ಲ.

ಇದೆಲ್ಲಾ ಆಗುವ ಹೋಗುವ ಮಾತಾ ಅಂತ ಕೇಳುವವರು ಅಲೋಪೀಶಿಯಾ ಏರಿಯೇಟಾ ಕಡೆ ನೋಡಲಿ. ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲಿನ ಬುಡದ ಮೇಲೆ ತಿರುಗಿಬಿದ್ದು, ನಾಣ್ಯದಷ್ಟು ಅಗಲಕ್ಕೆ, ಕೆಲವರಿಗೆ ಹುಬ್ಬೂ ಸೇರಿ ಎಲ್ಲಾ ಕೂದಲು ಹೋಗುವ ಕಾಯಿಲೆ ಅದು. ಬಹಳ ಕಾಲ ಅದಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ನೇ ಗತಿ. 2022ರಲ್ಲಿ ಬ್ಯಾರಿಸಿಟಿನಿಬ್ ಮಾತ್ರೆಗೆ, 2023ರಲ್ಲಿ 12 ವರ್ಷ ದಾಟಿದ ಮಕ್ಕಳಿಗೂ ಕೊಡಬಹುದಾದ ರಿಟ್ಲೆಸಿಟಿನಿಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಸಂಘದ ಕಾರ್ಯಕ್ರಮಕ್ಕೆ ಸ್ಕಾರ್ಫ್ ಕಟ್ಟಿಕೊಂಡು ಬಂದು ಕೊನೆ ಸಾಲಿನಲ್ಲಿ ಕೂರುವ ಹುಡುಗಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಅವಳ ಅಮ್ಮನನ್ನೇ ಕೇಳಿ.

ಆಪರೇಷನ್ ವಿಷಯದಲ್ಲಂತೂ ಕಾಯುವುದೇ ಜಾಣತನ. ಇಪ್ಪತ್ತೆರಡಕ್ಕೇ ಟ್ರಾನ್ಸ್‌ಪ್ಲಾಂಟ್ ಮಾಡಿಸಿದರೆ ಮುಂದೆ ನೆಟ್ಟ ಕೂದಲು ಉಳಿಯುತ್ತದೆ, ಅದರ ಹಿಂದಿನದು ಉದುರುತ್ತಾ ಹೋಗುತ್ತದೆ. ಮತ್ತೆ ನೆಡಲು ಹಿಂದಲೆಯಿಂದ ತೆಗೆಯುವ ಬುಡಗಳಿಗೂ ಮಿತಿ ಇದೆ, ಒಮ್ಮೆ ತೆಗೆದ ಕಡೆ ಇನ್ನೊಂದು ಹುಟ್ಟುವುದಿಲ್ಲ.

ವಿರೋಧ: ಕಾಯುತ್ತಾ ಕೂತರೆ ಬುಡವೇ ಹೋಗುತ್ತದೆ

ಅಂಧೇರಿಯ ಒಂದು ಕ್ಲಿನಿಕ್ಕಿಗೆ ಅಕ್ಕನ ಮಗನ ಜೊತೆ ನಾನೂ ಹೋಗಿದ್ದೆ. ಪೆನ್ನಿನಂಥ ಕ್ಯಾಮೆರಾವನ್ನು ನೆತ್ತಿಗೆ ಒತ್ತಿ ಹಿಡಿದರೆ ಎದುರಿನ ಪರದೆಯಲ್ಲಿ ಚರ್ಮ ದೊಡ್ಡದಾಗಿ ಕಾಣುತ್ತದೆ. ಹಿಂದಲೆಯಲ್ಲಿ ಒಂದೊಂದು ರಂಧ್ರದಿಂದ ಎರಡು ಮೂರು ದಪ್ಪ ಕೂದಲು. ನೆತ್ತಿಯಲ್ಲಿ ಅಂಥದೇ ರಂಧ್ರದಿಂದ ಒಂದು ದಪ್ಪ, ಪಕ್ಕದಲ್ಲಿ ಬಣ್ಣ ಕಳೆದುಕೊಂಡ ಒಂದು ಎಳೆ, ಮಗುವಿನ ಕೆನ್ನೆ ಮೇಲಿನ ನವಿರಿನಷ್ಟೇ. ಕೆಲವು ಕಡೆ ಬರೀ ರಂಧ್ರ. (ಕೌನ್ಸೆಲರ್ ಮುಂದಿನ ನಿಮಿಷದಲ್ಲೇ ಇಎಂಐ ಲೆಕ್ಕ ತೆಗೆದಳು, ಚರ್ಮದ ಡಾಕ್ಟರು ಆ ದಿನ ಸಿಗಲೇ ಇಲ್ಲ. ನನಗೆ ತುಂಬಾ ಕೋಪ ಬಂತು.) ಆದರೆ ಪರದೆ ತೋರಿಸಿದ್ದು ನಿಜ. ತೆಳ್ಳಗಾದ ಎಳೆಯನ್ನು ಇವತ್ತಿನ ಮದ್ದಿನಿಂದಲೇ ಎಷ್ಟೋ ಸಲ ದಪ್ಪ ಮಾಡಬಹುದು. ಬಹಳ ವರ್ಷ ಬಿಟ್ಟು ಪೂರ್ತಿ ಸೊರಗಿದ ಬುಡವನ್ನು ಎಬ್ಬಿಸುವ ಮದ್ದು ಇವತ್ತು ಅಂಗಡಿಯಲ್ಲಿ ಇಲ್ಲ. ಪಿಪಿ405 ಎಬ್ಬಿಸಬೇಕಾದರೂ ಅಲ್ಲಿ ಮಲಗಿದ ಕೋಶ ಇರಬೇಕಲ್ಲ.

"ಇನ್ನೇನು ಬಂತು" ಅನ್ನುವ ಮಾತನ್ನು ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ ನೋಡಿ. 1999ರಲ್ಲಿ ಇಂಗ್ಲೆಂಡಿನ ಕಾಲಿನ್ ಜಹೋಡಾ ತಮ್ಮ ತಲೆಯ ಕೂದಲಿನ ಬುಡದ ಕೋಶಗಳನ್ನು ಹೆಂಡತಿಯ ತೋಳಿನಲ್ಲಿ ನೆಟ್ಟು ಕೂದಲು ಬೆಳೆಸಿದರು. ಲ್ಯಾಬಿನಲ್ಲಿ ಬೇಕಾದಷ್ಟು ಕೂದಲು ಬೆಳೆಸುವ ಕಾಲ ಬಂತು ಅಂತ ಎಲ್ಲರೂ ಅಂದುಕೊಂಡರು. ಕಾಲು ಶತಮಾನ ಕಳೆಯಿತು, ಆ ದಾರಿ ಹಿಡಿದ ಕೆಲವು ಕಂಪನಿಗಳು ಬಾಗಿಲೇ ಹಾಕಿದವು. 2012ರಲ್ಲಿ ಬೊಕ್ಕ ನೆತ್ತಿಯಲ್ಲಿ ಒಂದು ಬಗೆಯ ಪ್ರೊಸ್ಟಾಗ್ಲಾಂಡಿನ್ (ದೇಹದಲ್ಲೇ ಹುಟ್ಟುವ ಒಂದು ರಾಸಾಯನಿಕ) ಜಾಸ್ತಿ ಇದೆ ಎಂದು ಗೊತ್ತಾಯಿತು, ಅದನ್ನು ತಡೆಯುವ ಸೆಟಿಪಿಪ್ರಾಂಟ್ ಎಂಬ ಮದ್ದು ಪರೀಕ್ಷೆಯಲ್ಲಿ ಕೆಲಸ ಮಾಡಲಿಲ್ಲ. ಪೈರಿಲುಟಮೈಡ್ ಎಂಬ ಹಚ್ಚುವ ಮದ್ದಿನ ಮೇಲೆ ಭಾರೀ ಆಸೆ ಇತ್ತು, 2023ರಲ್ಲಿ ಚೀನಾದ ಮೂರನೇ ಹಂತದ ಪರೀಕ್ಷೆಯಲ್ಲಿ ಮದ್ದಿಲ್ಲದ ದ್ರವಕ್ಕಿಂತ ಗಟ್ಟಿಯಾದ ವ್ಯತ್ಯಾಸ ತೋರಿಸಲಿಲ್ಲ. ಇವಕ್ಕಾಗಿ ಕಾದು ಕೂತ ಹುಡುಗರು ಈಗ ನಲವತ್ತರ ಹತ್ತಿರ ಇದ್ದಾರೆ.

ಕ್ಲಾಸ್ಕೋಟೆರೋನ್ ಫಲಿತಾಂಶದಲ್ಲಿ "539 ಶೇಕಡಾ ಸುಧಾರಣೆ" ಎಂದು ಓದಿ ನಮ್ಮ ಹುಡುಗ ಕುಣಿದಾಡಿದ. ಆ ಲೆಕ್ಕ ಮದ್ದಿಲ್ಲದ ದ್ರವಕ್ಕೆ ಹೋಲಿಸಿದ್ದು. ಆ ದ್ರವದಿಂದ ಒಂದೇ ಒಂದು ಕೂದಲು ಹೆಚ್ಚಾಗಿ, ಮದ್ದಿನಿಂದ ಆರು ಹೆಚ್ಚಾದರೂ ಶೇಕಡಾವಾರು ಲೆಕ್ಕ 500 ಆಗುತ್ತದೆ. ಕನ್ನಡಿ ಮುಂದೆ ನಿಂತವನಿಗೆ ಬೇಕಾದದ್ದು ಒಂದು ಚದರ ಸೆಂಟಿಮೀಟರ್‌ಗೆ ನಿಜವಾಗಿ ಎಷ್ಟು ಕೂದಲು ಹೆಚ್ಚಿತು ಎನ್ನುವ ಸಂಖ್ಯೆ. ಅದೇ ಮದ್ದಿನ ಇನ್ನೊಂದು ಪರೀಕ್ಷೆಯಲ್ಲಿ ಈ ಶೇಕಡಾ 168 ಮಾತ್ರ. ಪಿಪಿ405 ಪರೀಕ್ಷೆಯಲ್ಲಿ ಇದ್ದವರು ಬರೀ 78 ಮಂದಿ, ದೊಡ್ಡ ಪರೀಕ್ಷೆ ಇನ್ನೂ ಆಗಬೇಕು. ಆಮೇಲೆ ಅಮೆರಿಕದ ಒಪ್ಪಿಗೆ, ಆಮೇಲೆ ನಮ್ಮ ದೇಶದ ಒಪ್ಪಿಗೆ, ಆಮೇಲೆ ಬೆಲೆ. ತಿಂಗಳ ಪಾಸು, ಬಾಡಿಗೆ, ಊರಿಗೆ ಕಳಿಸುವ ದುಡ್ಡು ಎಲ್ಲಾ ಲೆಕ್ಕ ಹಾಕಿ ಬದುಕುವ ಮನೆಗೆ ಅದು ಕೈಗೆಟುಕುವಾಗ ಹುಡುಗನಿಗೆ ಎಷ್ಟು ವಯಸ್ಸಾಗಿರುತ್ತದೋ.

ಬ್ಯಾರಿಸಿಟಿನಿಬ್, ರಿಟ್ಲೆಸಿಟಿನಿಬ್ ಮಾತ್ರೆಗಳ ಉದಾಹರಣೆ ಇಲ್ಲಿ ಹೊಂದುವುದೂ ಇಲ್ಲ. ಅಲೋಪೀಶಿಯಾ ಏರಿಯೇಟಾ ಬೇರೆ ಕಾಯಿಲೆ. ಮದ್ದು ನಿಲ್ಲಿಸಿದರೆ ಬಹಳ ಮಂದಿಗೆ ಕೂದಲು ಮತ್ತೆ ಉದುರುತ್ತದೆ, ಸೋಂಕಿನ ಅಪಾಯವೂ ಇದೆ.

ಫಿನಾಸ್ಟರೈಡ್ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಭಯವನ್ನು ಡಾಕ್ಟರ ಮುಂದೆ ಹೇಳಬೇಕು, ಮನಸ್ಸಿಗೆ ಹಿಂದೆ ಏನಾದರೂ ತೊಂದರೆ ಆಗಿತ್ತಾ ಅದನ್ನೂ ಹೇಳಬೇಕು. ಬೇಡವೆಂದರೆ ಮಿನಾಕ್ಸಿಡಿಲ್ ಇದೆ. ಅದು ಅಗ್ಗ, ದಿನಾ ಹಚ್ಚಬೇಕು, ಕನಿಷ್ಠ ಆರು ತಿಂಗಳು ಬಿಡಬಾರದು, ಶುರುವಿನಲ್ಲಿ ಜಾಸ್ತಿ ಉದುರಿದರೆ ಗಾಬರಿಯಾಗಬಾರದು. ಊರಿಂದ ಬಂದ ಗರುಗದ ಎಣ್ಣೆ ಹಚ್ಚಿಕೊಳ್ಳಲಿ, ಬೇಡ ಅನ್ನುವುದಿಲ್ಲ, ಆದರೆ ಡಿಎಚ್‌ಟಿ ಕೆಲಸವನ್ನು ಅದು ನಿಲ್ಲಿಸುತ್ತದೆ ಅಂತ ನಂಬಿ ಎರಡು ವರ್ಷ ಕಳೆಯುವುದು ಬೇಡ.

ಅದಕ್ಕೂ ಮೊದಲು ಇದು ಯಾವ ಬಗೆಯ ಉದುರುವಿಕೆ ಅಂತ ಗೊತ್ತಾಗಬೇಕು. ಡೆಂಗ್ಯೂ ಜ್ವರ ಬಂದು ಹೋದ ಮೇಲೆ, ಹೆರಿಗೆ ಆದ ಮೇಲೆ ಎರಡು ಮೂರು ತಿಂಗಳಿಗೆ ಹಿಡಿ ಹಿಡಿಯಾಗಿ ಉದುರುವುದು ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ಥೈರಾಯ್ಡ್, ಕಬ್ಬಿಣದ ಕೊರತೆ ಇದ್ದರೆ ಮೊದಲು ಅದನ್ನೇ ಸರಿ ಮಾಡಬೇಕು. ಇದನ್ನು ಹೇಳಲು ಇಎಂಐ ಕ್ಲಿನಿಕ್ ಬೇಕಿಲ್ಲ. ಮುಂಬಯಿ ಪಾಲಿಕೆಯ ಆಸ್ಪತ್ರೆಗಳಾದ ಪರೇಲಿನ ಕೆಇಎಂ, ಸಯನ್, ನಾಯರ್ ಮೂರರಲ್ಲೂ ಚರ್ಮ ವಿಭಾಗ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ (ಹೆಸರು ನೋಂದಾಯಿಸುವ ಚೀಟಿ) ಮಾಡಿಸಬೇಕು, ಕ್ಯೂ ಉದ್ದ ಇರುತ್ತದೆ, ಅರ್ಧ ದಿನ ರಜೆ ಹಾಕಬೇಕಾಗುತ್ತದೆ. ನಮ್ಮ ಹುಡುಗ ಈ ತಿಂಗಳೇ ಹೋಗಬೇಕು ಅನ್ನುವುದು ನನ್ನ ಮಾತು, ಅಕ್ಕನದೂ ಅದೇ.